ಜರ್ಕಿನ್ ಬಿಚ್ಚದ ಪೀರ್ ಬಾಷಾ

ಬಿಚ್ಚಲ್ಲ ಅಂದೆನಲ್ಲ, ಸಂಧ್ಯಾ ಸಿಸ್ಟರ್! ಬಿಸಿಲಿದ್ರೆ ನಿಮಗೆ. ಮೈ ಮೇಲಿದ್ದ ಕೊಬ್ಬೆಲ್ಲ ಹೋದೋನಿಗೆ ಏಪ್ರಿಲ್‌ನಲ್ಲೂ ಚಳಿ. ನೋಡಿ, ಅರವತ್ತೆಂಟು ಕಿಲೋ! ಹೋದ ವಾರವೂ ಅರವತ್ತೆಂಟೇ. ಬರ್ಕೊಳ್ಳಿ, ಕೀಮೋ ಶುರು ಮಾಡಿ... ಯಾಕೆ ನಗ್ತೀರಿ?

ಮಾಚೇನಹಳ್ಳಿ ವೇಬ್ರಿಡ್ಜಲ್ಲಿ ಇಪ್ಪತ್ತು ವರ್ಷ ಲಾರಿ ತೂಗಿದೋನು ನಾನು! ಡ್ರೈವರ್ ಸೀಟಿನಡಿ ಕಲ್ಲು ಬಚ್ಚಿಟ್ರೆ ಮುಖ ನೋಡಿಯೇ ಹಿಡೀತಿದ್ದೆ. ಈ ಪೀರ್ ಬಾಷಾಗೆ ತೂಕದ ಪಾಠವಾ?

ಪಾಠ ಮಾತ್ರ ನಿಲ್ಲಲ್ಲ, ಮಾರಾಯ್ತಿ. ಆಪರೇಷನ್‌ಗೆ ಮುಂಚೆ ತೊಂಬತ್ತೆರಡಿದ್ದೆ. "ಇಷ್ಟು ದಪ್ಪ ಇದ್ರೆ ಗಾಯ ಬೇಗ ಮಾಯಲ್ಲ" ಅಂತ ಡಾಕ್ಟ್ರು ಬೈದ್ರು. ಕರುಳಿನ ಗಡ್ಡೆ ತೆಗೆದ ಮೇಲೆ "ಹಿಂಗೆ ಇಳಿದ್ರೆ ಉಳಿಯೋದೇ ಕಷ್ಟ" ಅಂತ ಅದೇ ಡಾಕ್ಟ್ರು ಅದೇ ಬಾಯಲ್ಲಿ ಬೈತಾರೆ! ರವೀಂದ್ರನಗರದ ಶ್ರೀನಿವಾಸಮೂರ್ತಿ ಮೇಷ್ಟ್ರು ಬೇರೆ ಪಾರ್ಕಲ್ಲಿ ಅಡ್ಡಗಟ್ಟಿ, "ಸಕತ್ ಸ್ಲಿಮ್ಮು! ಯಾವ ಡಯಟ್ಟು?" ಅಂದ್ರು. "ಒಂದಡಿ ಕರುಳು ಕುಯ್ಸಿ ಮೇಷ್ಟ್ರೇ" ಅಂದೆ. ಅವತ್ತಿಂದ ನನ್ನ ಕಂಡ್ರೆ ಅವರದು ಉಲ್ಟಾ ವಾಕಿಂಗು!

ಇದಕ್ಕೂ ನಗಲ್ವಾ?... ಏಯ್, ಜರ್ಕಿನ್ ಎಳೀಬೇಡಿ! ಅದು... ಟಾರ್ಚು. ಅಲ್ಲ, ಟಿಫನ್ ಬಾಕ್ಸು.

ಸರಿ. ತೂಕದ ಬಟ್ಟು. ಎರಡೆರಡು ಕಿಲೋದು, ಎರಡು. ಭದ್ರಾವತೀಲಿ ತಮ್ಮ ಜಾಕಿರ್‌ದು ಗುಜರಿ ಅಂಗಡಿ, ಅಲ್ಲಿಂದ ತಂದೆ. ಸುಮ್ನೆ ತಮಾಷೆಗೆ!

ಹಂಗೆ ನೋಡ್ಬೇಡಿ. ಗೊತ್ತು, ತೂಕ ನೋಡಿಯೇ ಔಷಧಿ ಅಳೀತೀರಿ. ಬಡಕಲು ಮೈಗೆ ಜಾಸ್ತಿ ಹೋದ್ರೆ... ಗೊತ್ತು ಸಿಸ್ಟರ್. ಏನ್ ತಿಂದ್ರೂ ನಿಲ್ತಿಲ್ಲ ನಂಗೆ. ಹೋದ ತಿಂಗಳು ತೂಕ ಇಳಿದಾಗ ನನ್ನ ಹೆಂಡ್ತಿ ಕುಲ್ಸುಂ ಮೂರು ದಿನ ತಟ್ಟೆ ಮುಟ್ಟಲಿಲ್ಲ. ಈಗ ಅರವತ್ತೆಂಟು ಅಂದ ದಿನ ನನ್ನೆದುರೇ ಹೊಟ್ಟೆ ತುಂಬ ಉಣ್ತಾಳೆ. ಹೊರಗೇ ಕೂತಿದಾಳೆ, ಮೆತ್ತಗೆ ಮಾತಾಡಿ...

ಮಾತಾಡಿ ಅಂದೆ! ಜೇಬು ಹೊರಗೆಳೆದು ಏನು ತೋರಿಸ್ತೀರಿ? ಹರಿದಿತ್ತು ಅದು, ಹೋದ ವಾರ ಬಟ್ಟಿನ ಭಾರಕ್ಕೆ. ಇವತ್ತು ಕುಲ್ಸುಂ ಕಣ್ತಪ್ಪಿಸೋ ಅವಸರದಲ್ಲಿ ನೋಡದೇ ತುರುಕಿದ್ದೆ... ಇದೇನಿದು? ಒಳಗೆ ಜೀನ್ಸ್ ಬಟ್ಟೆ. ಡಬ್ಬಲ್ ಹೊಲಿಗೆ. ಹಸಿರು ದಾರ.

ನಮ್ಮನೆ ಮಿಷನ್ನಿನ ದಾರ...

ಹಂಗಾದ್ರೆ ಕುಲ್ಸುಂ... ಗೊತ್ತಿದ್ದೂ... ಅವಳು ಉಂಡಿದ್ದು...

ಬಟ್ಟು ಮೇಜಿನ ಮೇಲಿಡಿ, ಸಿಸ್ಟರ್. ಜರ್ಕಿನ್ ತಗೊಳ್ಳಿ. ಇನ್ನೊಂದ್ಸಲ ಹತ್ತುತೀನಿ.

ಬಾಗಿಲು ತೆಗೀರಿ. ಅವಳೂ ನೋಡ್ಲಿ.