ಆರು ನೂರು ವರ್ಷದ ಓಟ

ಹತ್ತು ಗಂಟೆಗೆ ಶತಮಾನಗಳಷ್ಟು ಹಳೆಯ ವಿಶ್ವವಿದ್ಯಾಲಯಕ್ಕೆ ತಲುಪಿಸಬೇಕಾದ ಪುಸ್ತಕಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರು ಅದರ ಎದುರಿನ ಬಸ್ ನಿಲ್ದಾಣದಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಹಾಸ್ಟೆಲ್ ಗೇಟು ಕಾಯುವ ಹೆಂಗಸು, ಕೈಯಲ್ಲಿ ಕೀಲಿಗೊಂಚಲು. ಪ್ರವಾಸಿಗರ ಗೈಡ್ ಆಗುವ ಪರೀಕ್ಷೆ ಮುಗಿಸಿದ ಹುಡುಗಿಯೊಬ್ಬಳು ಅವಳ ಬಳಿ ಓಡಿಬಂದಳು.

“ಚಿಕ್ಕಮ್ಮಾ, ಪಾಸು!”

“ಅಬ್ಬಾ! ಮೂರನೇ ಸಲಕ್ಕಾದ್ರೂ ಆಯ್ತಲ್ಲ. ಬಾಯಿಪಾಠ ಒಪ್ಪಿಸಿದ್ಯಾ?”

“‘ಜ್ಞಾನದ ಭವ್ಯ ತೊಟ್ಟಿಲು ಈ ನಗರ’ ಅಂತ ಇಂಗ್ಲಿಷಲ್ಲಿ ಶುರು ಮಾಡಿದೆ. ಪರೀಕ್ಷಕರು ಕೈಯೆತ್ತಿ ನಿಲ್ಸಿದ್ರು. ‘ಹೀಗೆ ಯಾರಮ್ಮ ಮಾತಾಡ್ತಾರೆ? ನೆಂಟರಿಗೆ ಹೇಳೋ ಹಾಗೆ ಹೇಳು’ ಅಂದ್ರು.”

“ಅಯ್ಯೋ, ಆಮೇಲೆ?”

“ತಿಂಗಳಿಡೀ ಉರು ಹೊಡೆದಿದ್ದೆಲ್ಲ ಮಂಗಮಾಯ. ಅಷ್ಟರಲ್ಲಿ ಈ ಗಡಿಯಾರದ ಗೋಪುರದಲ್ಲಿ ಒಂಬತ್ತು ಹೊಡೀತು ನೋಡು, ಸಾದಾ ಇಂಗ್ಲಿಷಲ್ಲಿ ಹೇಳ್ಬಿಟ್ಟೆ: ಈ ಊರಲ್ಲಿ ಆರು ನೂರು ವರ್ಷದಿಂದ ಹುಡುಗರು ಕ್ಲಾಸಿಗೆ ತಡವಾಯ್ತು ಅಂತ ಓಡ್ತಾನೇ ಇದ್ದಾರೆ.”

“ಬೈದ್ರಾ?”

“ಬಿದ್ದು ಬಿದ್ದು ನಕ್ರು. ಇಷ್ಟು ಸಹಜವಾಗಿ ಹೇಳೋಕೆ ಯಾರು ಕಲಿಸಿದ್ದು ಅಂದ್ರು. ಚಿಕ್ಕಮ್ಮ ಅಂದೆ.”

“ನಾನಾ? ನಂಗೆಲ್ಲಿ ಬರುತ್ತೆ ಇಂಗ್ಲಿಷು!”

“ದಿನಾ ಬೆಳಿಗ್ಗೆ ಗೇಟಲ್ಲಿ ನಿಂತು ಹುಡುಗರನ್ನ ಹೀಗೇ ಬೈತೀಯಲ್ಲ.”

ಚಿಕ್ಕಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡಳು. “ಆ ಆರು ನೂರು ವರ್ಷವೂ ನಾನೊಬ್ಳೇ ಕೂಗಿದ ಹಾಗಾಗಿದೆ ಕಣೇ, ಗಂಟಲು ಬಿದ್ದುಹೋಗಿದೆ.”

ಬಸ್ಸು ಬಂತು. ಇಬ್ಬರೂ ನಗುತ್ತಲೇ ಹತ್ತಿದರು. ಬೈಂಡರು ತಾವೂ ನಗುತ್ತ ತಲೆಯೆತ್ತಿ ಗೋಪುರದ ಗಡಿಯಾರ ನೋಡಿದರು. ಹತ್ತೂ ಕಾಲು. ಗಂಟನ್ನು ಎದೆಗವಚಿಕೊಂಡು, ತಡವಾಗಿ ಕ್ಲಾಸಿಗೆ ಓಡುತ್ತಿದ್ದ ಹುಡುಗರ ಹಿಂದೆಯೇ ತಾವೂ ಓಡತೊಡಗಿದರು.