ಜಪಾನಿ ತೋಟಕ್ಕೆ ಬಿಳಿ ಜಲ್ಲಿ

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸರದಿ ಕಾಯುತ್ತಿದ್ದ ಟೈಲರಮ್ಮನಿಗೆ ಪಕ್ಕದವರ ಮಾತಿಗೆ ಕಿವಿಗೊಡುವ ಉದ್ದೇಶವೇನೂ ಇರಲಿಲ್ಲ. ಆದರೆ ಅದೇ ಬೆಂಚಿನ ಮೇಲಿದ್ದ ವಯಸ್ಸಾದ ಗಂಡಹೆಂಡಿರು ಮನೆಯ ಮುಂದೆ ಜಪಾನಿ ತೋಟ ಮಾಡಿಸುವ ಸುದ್ದಿ ತೆಗೆದಾಗ, ಕಿವಿ ತಾನಾಗಿಯೇ ಅತ್ತ ವಾಲಿತು.

“ಹೂವು ಗೀವು ಏನೂ ಬೇಡ ಕಣೇ. ಮೂಲೇಲಿ ಒಂದು ಕುಳ್ಳ ಮರ, ಎರಡು ಬಂಡೆ, ಮಿಕ್ಕಿದ್ದೆಲ್ಲ ಹಸಿರು ಪಾಚಿ,” ಅಂದರು ಗಂಡ.

“ಪಾಚಿ ಬೇಡ, ಜಾರಿ ಬೀಳ್ತೀರ. ಬಾಗಿಲಿಂದ ಗೇಟಿನ ತನಕ ಬಿಳಿ ಜಲ್ಲಿ ಹಾಕ್ಸೋಣ.”

“ಜಲ್ಲೀನಾ? ತುಳಿದ್ರೆ ಕರಕರ ಅನ್ನುತ್ತಲ್ಲೇ!”

“ಅನ್ಲಿ ಬಿಡಿ. ಜಪಾನಿನಲ್ಲೂ ಅನ್ನುತ್ತೆ.”

“ಹಾಗಾದ್ರೆ ಕಾಲಿಡೋಕೆ ನಡುನಡುವೆ ಚಪ್ಪಡಿ ಹಾಕ್ಸೋಣ. ಅಲ್ಲಿ ಹಾಗೇ ಮಾಡ್ತಾರೆ.”

“ಕಳ್ಳನಿಗೊಂದು ಪಿಳ್ಳೆ ನೆವ! ಮಧ್ಯಾಹ್ನ ನಾನು ಮಲಗಿದಾಗ ಬೆಕ್ಕಿನ ಹಾಗೆ ಬೇಕರಿಗೆ ಹೋಗೋಕೆ ತಾನೇ?”

ಗಂಡ ಕೆಮ್ಮಿದರು. “ಯಾರೇ ಹೇಳಿದ್ದು ನಿಂಗೆ?”

“ನಿಮ್ಮ ಮೀಸೆ ಹೇಳ್ತು. ನಿನ್ನೆ ಅದರ ತುಂಬ ಕ್ರೀಮಿತ್ತು.”

ಟೈಲರಮ್ಮ ನಗು ತಡೆಯಲಾರದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

“ಶುಗರ್ ಟೆಸ್ಟಿನವರು ಬನ್ನಿ,” ಎಂದು ನರ್ಸ್ ಕೂಗಿದಳು. ಹೆಂಡತಿ ಎದ್ದು ಮುಂದೆ ನಡೆದರು. ಗಂಡ ಬೇಕೆಂದೇ ಹಿಂದುಳಿದು, ಟೈಲರಮ್ಮನತ್ತ ಬಾಗಿ ಪಿಸುಗುಟ್ಟಿದರು.

“ತಂಗೀ, ಬರಿಗಾಲಲ್ಲಿ ನಡೆದ್ರೂ ಜಲ್ಲಿ ಸದ್ದು ಮಾಡುತ್ತಾ?”

ಅವಳು ಬಾಯಿ ತೆರೆಯುವ ಮುಂಚೆಯೇ ಒಳಗಿನಿಂದ ಉತ್ತರ ಬಂತು.

“ಜಲ್ಲಿ ಮಾಡಲ್ಲ ರೀ, ಅಯ್ಯಯ್ಯೋ ಅಂತ ನೀವೇ ಮಾಡ್ತೀರ. ಬನ್ನಿ ಒಳಗೆ!”