ಘಾಟಿನಲ್ಲಿ ನಿಂತ ಬ್ಯಾಟರಿ ಗಾಡಿ

೨೦೦೮ರ ಒಂದು ಸಂಜೆ, ಹಡಪಸರದ ಬಸ್ ಸಾಲಿನಲ್ಲಿ ನಿಂತಿದ್ದ ಇಂದೂ, ಮರಾಠಿಯ ಗದ್ದಲದ ನಡುವೆ ಬೆನ್ನ ಹಿಂದೆ ಕನ್ನಡ ಕೇಳಿದಾಗ ತಿರುಗಿ ನೋಡದೆ ಕಿವಿಗೊಟ್ಟಳು. ಮಾತಾಡುತ್ತಿದ್ದ ಇಬ್ಬರು ಹೆಂಗಸರಲ್ಲಿ ಕಿರಿಯವಳ ದನಿಯಲ್ಲಿ ಉರಿಯಿತ್ತು.

“ನಮ್ಮ ನೆಗೆಣ್ಣಿ ಬ್ಯಾಟರಿ ಗಾಡಿ ತಗೊಂಡಾಳ್ರಿ ಅಕ್ಕಾ. ಲೈಸೆನ್ಸೂ ಬೇಡಂತ.”

“ಪೊಲೀಸ್ರು ಹಿಡಿಯಂಗಿಲ್ಲೇನು?”

“ಸಣ್ಣ ಮೋಟಾರಲ್ರಿ, ಸೈಕಲ್ ಲೆಕ್ಕಕ್ಕ ಬರ್ತದಂತ. ಮೊನ್ನೆ ಗಂಡ ಹೆಂಡ್ತಿ ಅದರ ಮ್ಯಾಲೇ ಜೇಜುರಿ ಗುಡಿಗೆ ಹೊಂಟಿದ್ರು. ದಿವೆ ಘಾಟಿನ ಏರಿನ್ಯಾಗ ನಿಂತೇಬಿಡ್ತು.”

“ಹಂಗಾರ ನಿನ್ನ ಹೊಟ್ಟಿ ತಣ್ಣಗಾತಿಲ್ಲೋ?”

“ಎಲ್ಲಿ ತಣ್ಣಗ್ರಿ? ನಮ್ಮ ಮೈದುನ ಇಳಿದು, ಆಕೀನ ಗಾಡಿ ಮ್ಯಾಲೇ ಕೂಡ್ಸಿ, ಘಾಟು ಮುಗಿಯೋತನಕ ನೂಕ್ಯಾನ್ರಿ. ನಮ್ಮವರು ನನ್ನ ಕೈಚೀಲಾ ಸುದ್ದಾ ಹಿಡಿಯಂಗಿಲ್ಲ.”

ಬಸ್ಸು ಬಂತು. ಹಿರಿಯಾಕೆ ಕಿರಿಯವಳ ಕೈಚೀಲ ಇಸಿದುಕೊಂಡು, ಇಂದೂಳನ್ನು ದಾಟಿ ಮೊದಲು ಹತ್ತಿದಳು.